ಸಹಾಯ ಬೇಕು: ಅಪ್ಪ ಅಮ್ಮನೊಂದಿಗೆ ಮೊದಲ ಟರ್ಕಿ ಪ್ರವಾಸ
ಬಳಗದವರಿಗೆಲ್ಲ ನಮಸ್ಕಾರ. ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮನನ್ನು ಇಸ್ತಾಂಬುಲ್, ಕಪಡೋಕಿಯಾಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ವೀಸಾ ಕೈಸೇರಿದೆ.

ನನಗಿರುವ ದೊಡ್ಡ ಯೋಚನೆ ಊಟದ್ದು. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಬೆಳಗಿನ ತಿಂಡಿಗೆ ಆಲಿವ್, ಚೀಸ್, ಸೌತೆಕಾಯಿ, ಜೇನುತುಪ್ಪ, ಎಳ್ಳು ಮೆತ್ತಿದ ಸಿಮಿತ್ ಎಂಬ ಬಳೆಯಾಕಾರದ ಬ್ರೆಡ್ ಇರುವುದರಿಂದ ಚಿಂತೆಯಿಲ್ಲ. ಆದರೆ ಮೆರ್ಜಿಮೆಕ್ ಎಂಬ ಬೇಳೆ ಸೂಪನ್ನು ಕೆಲವೆಡೆ ಮಾಂಸ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ, ಅನ್ನಕ್ಕೂ ಹಾಗೆಯೇ. ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುವ ತರಕಾರಿಗಳನ್ನು ಧೈರ್ಯವಾಗಿ ತಿನ್ನಬಹುದೇ? ಇಸ್ತಾಂಬುಲ್‌ನ ಸುಲ್ತಾನಹ್ಮೆತ್ ಪ್ರದೇಶದ ಸುತ್ತಮುತ್ತ ಅಮ್ಮ ನೆಮ್ಮದಿಯಿಂದ ಉಣ್ಣುವಂಥ ಜಾಗವಿದ್ದರೆ ದಯವಿಟ್ಟು ತಿಳಿಸಿ.

ನೀಲಿ ಮಸೀದಿಯಲ್ಲಿ ಚಪ್ಪಲಿ ಕಳಚಬೇಕು, ಹೆಂಗಸರು ತಲೆ ಮುಚ್ಚಬೇಕು, ನಮಾಜಿನ ಹೊತ್ತಿನಲ್ಲಿ ಪ್ರವಾಸಿಗರನ್ನು ಬಿಡುವುದಿಲ್ಲ. ಅಮ್ಮ ಸೀರೆಯ ಸೆರಗು ಹೊದ್ದರೆ ಸಾಕೇ, ಬೇರೆ ಶಾಲು ಬೇಕೇ? ಪ್ರಾರ್ಥಿಸುವವರಿಗೆ ನಮ್ಮಿಂದ ಕಿರಿಕಿರಿಯಾಗಬಾರದು. ಆಯಾ ಸೋಫಿಯಾ ಮಸೀದಿಯಲ್ಲಿ 2024ರಿಂದ ಪ್ರವಾಸಿಗರು ಟಿಕೆಟ್ ಪಡೆದು ಮೇಲಂತಸ್ತಿಗೆ ಹೋಗಬೇಕು. ಅಪ್ಪನಿಗೆ ಮಂಡಿನೋವು. ಅಲ್ಲಿ ಮೇಲೆ ಹತ್ತುವ ಕಲ್ಲು ಹಾಸಿನ ಏರುದಾರಿ ಅವರಿಗೆ ಆದೀತೇ?

ಗ್ರ್ಯಾಂಡ್ ಬಜಾರ್‌ಗೆ ಭಾನುವಾರ ರಜೆ ಎಂದು ಸೋಮವಾರ ಇಟ್ಟುಕೊಂಡಿದ್ದೇವೆ. ಅಂಗಡಿಯವರು ಪುಟ್ಟ ಗಾಜಿನ ಲೋಟದಲ್ಲಿ ಕೊಡುವ ಚಹಾ ಕುಡಿದು, ಏನೂ ಕೊಳ್ಳದೆ ಎದ್ದರೆ ಅವರಿಗೆ ಬೇಸರವಾಗುತ್ತದೆಯೇ?

ಕಪಡೋಕಿಯಾದಲ್ಲಿ ಗಾಳಿ ಜೋರಿದ್ದರೆ ಬಲೂನ್ ಹಾರಾಟ ರದ್ದಾಗುತ್ತದೆ. ಅಲ್ಲಿನ ಗೋರೆಮೆ ಊರಿನಲ್ಲಿ ಎರಡು ರಾತ್ರಿ ಸಾಕೇ, ಮೂರು ಇಟ್ಟುಕೊಳ್ಳಲೇ? ಹಿರಿಯರನ್ನು ಕರೆದೊಯ್ದವರು ಉತ್ತರಿಸಿದರೆ ತುಂಬ ಉಪಕಾರವಾಗುತ್ತದೆ.