ಮೈಕ್ರೋವೇವ್ ಒಳಗೆ ಏನೇನು ಇಟ್ಟು ನೋಡಿದ್ದೀರಿ?

ಪೆರ್ಲದಿಂದ, ಪ್ರಶ್ನೆ:
ಗಲ್ಫಿನಿಂದ ಬಂದ ತಮ್ಮ ಒಂದು ಮೈಕ್ರೋವೇವ್ ಓವನ್ ಕೊಟ್ಟು ಹೋಗಿದ್ದಾನೆ. ಅಮ್ಮ ಅದರಲ್ಲಿ ಕೊದಿಲು ಬಿಸಿ ಮಾಡ್ತಾರೆ, ಅಷ್ಟೇ. ಈಗ ಮಕ್ಕಳಿಗೆ ರಜೆ. ದ್ರಾಕ್ಷಿ ಇಟ್ಟರೆ ಬೆಂಕಿ ಏಳುತ್ತದೆ, ಸಾಬೂನು ಉಬ್ಬುತ್ತದೆ ಅಂತ ವಿಡಿಯೋ ನೋಡಿ ಹಟ ಹಿಡಿದಿದ್ದಾರೆ. ಯಾವುದು ತಮಾಷೆ, ಯಾವುದು ಅಪಾಯ? ಇಟ್ಟು ನೋಡಿದವರು ಹೇಳಿ.

ಬದಿಯಡ್ಕದಿಂದ:
ದ್ರಾಕ್ಷಿ ಹಾಗಿರಲಿ ಅಕ್ಕ, ನಮ್ಮ ಕಡೆ ಮೊದಲು ಹೆದರಬೇಕಾದ್ದು ಹಲಸಿನ ಬೇಳೆಗೆ. ಕೆಂಡದಲ್ಲಿ ಸುಟ್ಟು ತಿಂದ ರುಚಿ ಗೊತ್ತಿದ್ದವರಿಗೆ ಓವನ್ ಕಂಡ ಕೂಡಲೇ ಅದೇ ಆಸೆ. ನಮ್ಮ ಭಾವ ಒಂದು ಹಿಡಿ ಬೇಳೆ ಹಾಗೇ ಇಟ್ಟರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ‘ಠಪ್’ ಅಂತ ಶುರುವಾಯಿತು ನೋಡಿ, ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗೆಲ್ಲ ಬೆಂದ ಹುಡಿ. ಬಿಳಿ ಸಿಪ್ಪೆ ಗಾಳಿ ಹೋಗುವ ತೂತುಗಳಿಗೆ ಅಂಟಿಕೊಂಡಿತ್ತು. ಒಳಗಿನ ನೀರು ಆವಿಯಾಗುತ್ತದೆ, ಸಿಪ್ಪೆ ಹೊರಗೆ ಬಿಡುವುದಿಲ್ಲ. ತಲೆ ಕತ್ತರಿಸಿ ಇಟ್ಟರೆ ಪಾಪದ ಹಾಗೆ ಬೇಯುತ್ತದೆ.

ಮೊಟ್ಟೆಯೂ ಇದೇ ಜಾತಿ. ಬೇಯಿಸಿದ ಮೊಟ್ಟೆ ಇನ್ನೂ ಪೋಕರಿ. ಓವನ್ ಒಳಗೆ ಸುಮ್ನೆ ಇದ್ದು, ಕಚ್ಚುವಾಗ ಸಿಡಿಯುತ್ತದೆ. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ರೇಡಾರ್ ಕೆಲಸ ಮಾಡುತ್ತಿದ್ದ ಪರ್ಸಿ ಸ್ಪೆನ್ಸರ್ ಅವರ ಜೇಬಿನಲ್ಲಿದ್ದ ಸಿಹಿತಿಂಡಿ ಕರಗಿತು, ಅಲ್ಲಿಂದಲೇ ಈ ಓವನ್ ಹುಟ್ಟಿತು ಅಂತಾರಲ್ಲ, ಆ ಕತೆಯಲ್ಲೂ ಒಂದು ಮೊಟ್ಟೆ ಇದೆ. ಬಗ್ಗಿ ನೋಡಿದವರ ಮುಖಕ್ಕೇ ಸಿಡಿಯಿತಂತೆ!

ಕುಂಬಳೆಯಿಂದ:
ಪರೋಟ ಪಾರ್ಸೆಲ್ ಬಿಚ್ಚದೆ ಇಡಬೇಡಿ. ಫಾಯಿಲ್ ಸುಕ್ಕಾದಲ್ಲಿ, ಸ್ಟೇಪ್ಲರ್ ಪಿನ್ನಿನ ತುದಿಯಲ್ಲಿ ಚಟಪಟ ಕಿಡಿ ಹಾರುತ್ತದೆ, ಕಾಗದ ಹತ್ತಿಕೊಳ್ಳುತ್ತದೆ. ಚಿನ್ನದ ಗೆರೆ ಇರುವ ಕಪ್ಪೂ ಬೇಡ. ಹಳೆ ಸಿಡಿ ಇಟ್ಟರೆ ಎರಡು ಸೆಕೆಂಡ್ ಚೆಂದದ ಮಿಂಚು, ಆಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಅದರ ಮೇಲಿನ ಅಲ್ಯೂಮಿನಿಯಂ ಪದರ ಅಷ್ಟು ತೆಳು.

ಮಂಜೇಶ್ವರದಿಂದ:
ನಾನು ಫಿಸಿಕ್ಸ್ ಮೇಷ್ಟ್ರು, ಸ್ವಲ್ಪ ಉದ್ದ ಆಗ್ತದೆ. ದ್ರಾಕ್ಷಿಯ ಬೆಂಕಿ ಸುಳ್ಳಲ್ಲ. ಎರಡು ಹೋಳಿನ ನಡುವೆ ಒಂದು ಎಳೆ ಸಿಪ್ಪೆ ಉಳಿಯಬೇಕು, ಅದೇ ತಂತಿಯ ಹಾಗೆ ಕೆಲಸ ಮಾಡುತ್ತದೆ ಅಂತ ಮೊದಲು ಹೇಳುತ್ತಿದ್ದರು. ಕೆನಡಾದ ವಿಜ್ಞಾನಿಗಳು 2019ರಲ್ಲಿ ತೋರಿಸಿದ ಪ್ರಕಾರ ಸಿಪ್ಪೆ ಬೇಕಾಗಿಯೇ ಇಲ್ಲ. ಎರಡು ಇಡೀ ದ್ರಾಕ್ಷಿ ತಾಗಿಕೊಂಡಿದ್ದರೂ ಸಾಕು. ಗಾಳಿಯಲ್ಲಿ 12 ಸೆಂಟಿಮೀಟರ್ ಉದ್ದ ಇರುವ ಓವನಿನ ಮೈಕ್ರೋವೇವ್ ಅಲೆ ನೀರಿನೊಳಗೆ ಹೆಚ್ಚುಕಡಿಮೆ ದ್ರಾಕ್ಷಿಯಷ್ಟಕ್ಕೆ ಕುಗ್ಗುತ್ತದೆ, ಹಣ್ಣಿನೊಳಗೆ ಸಿಕ್ಕಿಬೀಳುತ್ತದೆ. ಹಣ್ಣುಗಳು ತಾಗುವ ಜಾಗದಲ್ಲಿ ಶಕ್ತಿಯೆಲ್ಲ ಒಟ್ಟಾಗಿ, ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು (ವಿದ್ಯುತ್ ಆವೇಶ ಇರುವ ಕಣಗಳು) ಸೇರಿ ಪ್ಲಾಸ್ಮಾ, ಅಂದರೆ ಅಂಥ ಕಣಗಳ ಹೊಳೆಯುವ ಬಿಸಿ ಅನಿಲ, ಏಳುತ್ತದೆ. ಅದು ಮೇಲಕ್ಕೆ ಹಾರಿದರೆ ಓವನಿನ ಒಳಮೈ ಸುಡುತ್ತದೆ, ಗಾಜಿನ ತಟ್ಟೆಯೂ ಒಡೆಯಬಹುದು. ಅಡುಗೆಗೆ ಬೇಕಾದ ಓವನಿನಲ್ಲಿ ಇದು ಬೇಡವೇ ಬೇಡ.

ಮಕ್ಕಳ ಕೈಗೆ ಉದ್ದಿನ ಹಪ್ಪಳ ಕೊಡಿ. ತಿರುಗುವ ತಟ್ಟೆಯನ್ನೂ ಅದರ ಅಡಿಯ ಚಕ್ರವನ್ನೂ ತೆಗೆಯಿರಿ. ಒಂದು ಪಿಂಗಾಣಿ ತಟ್ಟೆ ಕವುಚಿ ಹಾಕಿ ಅದರ ಮೇಲೆ ಹಸಿ ಹಪ್ಪಳ ಇಡಿ. ತಿರುಗದಿದ್ದರೆ ಹಪ್ಪಳ ಇಡೀ ಅರಳುವುದಿಲ್ಲ. ಅಲ್ಲೊಂದು ಇಲ್ಲೊಂದು ಕಡೆ ಬೆಳ್ಳಗೆ ಗುಳ್ಳೆ ಏಳುತ್ತದೆ, ನಡುವೆ ಹಸಿ ಹಾಗೇ ಉಳಿಯುತ್ತದೆ. ಆಗ ನಿಲ್ಲಿಸಿ ಅಳತೆಪಟ್ಟಿ ಹಿಡಿಯಲಿ. ಹತ್ತಿರದ ಎರಡು ಗುಳ್ಳೆಗಳ ನಡುವೆ ಸುಮಾರು 6 ಸೆಂಟಿಮೀಟರ್ ಸಿಗುತ್ತದೆ. ಅದು ಅರ್ಧ ಅಲೆ. ಇಡೀ ಅಲೆ 12. ಓವನಿನ ಅಲೆ ಸೆಕೆಂಡಿಗೆ 245 ಕೋಟಿ ಸಲ ಕಂಪಿಸುತ್ತದೆ. 0.12 ಮೀಟರಿನಿಂದ ಗುಣಿಸಿದರೆ ಅಲೆ ಸೆಕೆಂಡಿಗೆ ಓಡುವ ದೂರ, 29.4 ಕೋಟಿ ಮೀಟರ್. ಈ ಅಲೆಯೂ ಬೆಳಕಿನ ಜಾತಿಯೇ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್! ಗುಳ್ಳೆಗಳು ಅಡ್ಡಾದಿಡ್ಡಿ ಎದ್ದು ಲೆಕ್ಕ ತಪ್ಪುವುದೂ ಉಂಟು. ತಪ್ಪಿದರೆ ಇನ್ನೊಂದು ಹಪ್ಪಳ ಇಡಿ, ಮೊದಲನೆಯದನ್ನು ತಿನ್ನಿ.

ನೀರ್ಚಾಲಿನಿಂದ:
ಸಾಬೂನಿನ ಆಸೆ ಬಿಡಿ. ವಿಡಿಯೋದಲ್ಲಿ ಉಬ್ಬುವುದು ಐವರಿ ಅನ್ನುವ ಅಮೆರಿಕದ ಸಾಬೂನು. ಗಾಳಿ ತುಂಬಿಸಿ ಮಾಡಿದ್ದು, ನೀರಿನಲ್ಲಿ ತೇಲುತ್ತದೆ. ನಮ್ಮ ಗಟ್ಟಿ ಸಾಬೂನು ಅಷ್ಟೆಲ್ಲ ಉಬ್ಬುವುದಿಲ್ಲ, ಕರಗಿ ಕೂರುತ್ತದೆ. ಒಣಮೆಣಸು ಹುರಿಯಲು ಹೋದರೆ ಬಾಗಿಲು ತೆರೆದ ಕೂಡಲೇ ಮನೆಯವರೆಲ್ಲ ಕೆಮ್ಮಿಕೊಂಡು ಜಗಲಿಗೆ! ಕರಿಬೇವಿನ ಸೊಪ್ಪು ಮಾತ್ರ ಹಸಿರು ಹೋಗದೆ ಗರಿಗರಿ ಒಣಗುತ್ತದೆ. ಮಳೆಗಾಲದಲ್ಲಿ ಬಹಳ ಉಪಕಾರ.

ಪೆರ್ಲದಿಂದ:
ಹಪ್ಪಳದ ಲೆಕ್ಕ ಮಗಳಿಗೆ ಹೇಳಿದ್ದೇನೆ, ಪಟ್ಟಿ ಹುಡುಕುತ್ತಿದ್ದಾಳೆ. ಅಮ್ಮ ಕಾಫಿಗೆ ಬರೀ ನೀರು ಇಡ್ತಾರೆ, ತೊಂದರೆ ಇಲ್ಲ ಅಲ್ವಾ?

ಮಂಜೇಶ್ವರದಿಂದ:
ಅದರಲ್ಲೇ ಜಾಗ್ರತೆ ಬೇಕು. ನುಣುಪು ಗಾಜಿನ ಲೋಟದಲ್ಲಿ ನೀರು 100 ಡಿಗ್ರಿ ದಾಟಿದರೂ ಕೆಲವು ಸಲ ಗುಳ್ಳೆ ಬರುವುದಿಲ್ಲ. ಕಾಫಿ ಹುಡಿ ಬಿದ್ದ ಕೂಡಲೇ ಭಗ್ಗನೆ ಉಕ್ಕಿ ಕೈ ಸುಡುತ್ತದೆ. ಜಾಸ್ತಿ ಹೊತ್ತು ಇಡಬೇಡಿ. ಒಂದು ಮರದ ಕಡ್ಡಿ ಹಾಕಿಯೇ ಬಿಸಿ ಮಾಡಲಿ, ನಿಂತ ಮೇಲೆ ಅರ್ಧ ನಿಮಿಷ ಬಿಟ್ಟು ತೆಗೆಯಲಿ. ಒಳಗೆ ಯಾವಾಗಾದರೂ ಬೆಂಕಿ ಕಂಡರೆ ಬಾಗಿಲು ತೆರೆಯಬೇಡಿ, ಗೋಡೆಯ ಸ್ವಿಚ್ ಆಫ್ ಮಾಡಿ. ಗಾಳಿ ಸಿಗದೆ ತಾನೇ ಆರುತ್ತದೆ.