ಸಹಾಯ ಬೇಕು: ಯೇಸು ಪ್ರಾರ್ಥನೆ ಮಾಡಿದ್ದು ಯಾರಿಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಸಭೆಯ (ಚರ್ಚಿನ) ಸಂಡೇ ಸ್ಕೂಲ್‌ನಲ್ಲಿ ಹತ್ತು-ಹನ್ನೆರಡು ವರ್ಷದ ಮಕ್ಕಳಿಗೆ ಪಾಠ ಮಾಡುತ್ತೇನೆ. ಹೋದ ವಾರ ಯೇಸು ಶಿಲುಬೆಗೇರುವ ಹಿಂದಿನ ರಾತ್ರಿ ಪ್ರಾರ್ಥನೆ ಮಾಡಿದ ಗೆತ್ಸೇಮನೆ ತೋಟದ ಕಥೆ ಹೇಳುವಾಗ ಒಬ್ಬ ಹುಡುಗ ಕೈ ಎತ್ತಿದ. "ಮಿಸ್, ಯೇಸುವೇ ದೇವರಾದ್ರೆ ಪ್ರಾರ್ಥನೆ ಮಾಡಿದ್ದು ಯಾರಿಗೆ? ತನಗೆ ತಾನೇನಾ?"

ತಂದೆ, ಮಗ (ಯೇಸು), ಪವಿತ್ರಾತ್ಮ ಮೂವರಾದರೂ ದೇವರು ಒಬ್ಬನೇ ಎಂಬುದನ್ನು (ತ್ರಯೇಕತ್ವ) ವಿವರಿಸಲು, ಒಂದೇ ನೀರು ಮಂಜುಗಡ್ಡೆಯೂ ಆವಿಯೂ ಆಗುವ ಹಾಗೆ ಅಂತ ಅವಸರದಲ್ಲಿ ಹೇಳಿಬಿಟ್ಟೆ. ಮನೆಗೆ ಬಂದು ನಾಲಿಗೆ ಕಚ್ಚಿಕೊಂಡೆ. ಒಬ್ಬನೇ ಮೂರು ವೇಷ ಹಾಕಿದ ಹಾಗಾಯ್ತಲ್ವಾ! ಹಿಂದೆ ಹಳೆಯ ಕಾಲದ ಬೋಧಕ ಸಬೆಲಿಯಸ್‌ನ ಬೋಧನೆ ಅಂತ ಸಭೆ ತಳ್ಳಿಹಾಕಿದ್ದು ಇದನ್ನೇ. ಮನುಷ್ಯನಾದದ್ದು ಮಗ ಮಾತ್ರ. ತಂದೆಯಲ್ಲ, ಪವಿತ್ರಾತ್ಮನೂ ಅಲ್ಲ. ಆದರೂ ದೇವರು ಒಬ್ಬನೇ. ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ, ವ್ಯಕ್ತಿ ಒಬ್ಬನೇ ಎಂಬ ಕ್ರಿ.ಶ. 451ರ ಕ್ಯಾಲ್ಸಿಡನ್ ಧರ್ಮಸಭೆಯ ತೀರ್ಮಾನ ನನಗೆ ಗೊತ್ತು. ಮಕ್ಕಳ ಮಾತಿಗೆ ಅದನ್ನು ಇಳಿಸುವುದೇ ಕಷ್ಟ.

ಇನ್ನೊಂದು ತೊಡಕು. ನಮ್ಮ ಬೈಬಲ್‌ನಲ್ಲಿ ಯೋಹಾನ 1:14ರಲ್ಲಿ ಯೇಸು ಮನುಷ್ಯನಾದದ್ದಕ್ಕೆ ‘ನರಾವತಾರ’ ಅಂತಲೇ ಇದೆ. "ದಶಾವತಾರದ ಥರಾನಾ ಮಿಸ್?" ಅಂತ ಒಬ್ಬಳು ಕೇಳಿದಳು. ಇದು ಒಂದೇ ಸಲ ಆದದ್ದು, ಸತ್ತು ಎದ್ದ ಮೇಲೂ ಯೇಸು ಮನುಷ್ಯತನ ಬಿಟ್ಟುಬಿಡಲಿಲ್ಲ ಅಂದೆ. ಅವಳ ಮುಖ ನೋಡಿದರೆ ಅರ್ಥ ಆದ ಹಾಗಿರಲಿಲ್ಲ.

ಪಾಠ ಮಾಡಿ ಅನುಭವ ಇರುವವರು ಭಾನುವಾರದೊಳಗೆ ಏನಾದರೂ ದಾರಿ ಹೇಳ್ತೀರಾ? ಮೊಟ್ಟೆಯ ಉದಾಹರಣೆ (ಸಿಪ್ಪೆ, ಬಿಳಿ, ಹಳದಿ ಸೇರಿ ಒಂದೇ ಮೊಟ್ಟೆ ಅನ್ನೋದು) ಮಾತ್ರ ಬೇಡ, ಪ್ಲೀಸ್.