ಪದಚರ್ಚೆ: 'ಗ್ಯಾಸ್' ದೋಣಿಗೆ ಹಾಕುವ 'ಆಯಿಲ್' ಯಾವುದು, ಕನ್ನಡದಲ್ಲಿ ಹೇಗೆ ಬರೆಯೋಣ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ಶುದ್ಧೀಕರಿಸಿ ಕಳಿಸುವ ಕೆ.ಸಿ. ವ್ಯಾಲಿ ನೀರು 2018ರಲ್ಲಿ ಕೋಲಾರದ ಕೆರೆಗಳಿಗೆ ಬರಲು ಶುರುವಾದ ಮೇಲೆ ನಮ್ಮ ಕಡೆ ದೋಣಿ ಬಿಡುವ ಆಸೆಗೂ ಜಾಗ ಸಿಕ್ಕಿದೆ. ನಮ್ಮ ವರ್ಕ್‌ಶಾಪ್‌ಗೆ ಬರುವ ಹುಡುಗರಿಗೆ ರಿಮೋಟ್‌ನಲ್ಲಿ ಓಡುವ ಮಾದರಿ ದೋಣಿ ಎಂದರೆ ಪ್ರಾಣ. 26 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ಅದಕ್ಕೆ ಏನು ಹಾಕಬೇಕು, ಎಷ್ಟು ಹಾಕಬೇಕು ಅಂತ ಅವರಿಗೆ ಒಂದು ಪುಟ ಬರೆದುಕೊಡುತ್ತಿದ್ದೇನೆ. ಪದ ತಪ್ಪಿದರೆ ಎಂಜಿನ್ನೇ ಹೋಗುತ್ತದೆ. ಹಾಗಾಗಿ ನಿಮ್ಮ ಸಲಹೆ ಬೇಕು.

ಮೊದಲನೆಯದು 'ಗ್ಯಾಸ್ ಎಂಜಿನ್'. ಅಮೆರಿಕದವರಿಗೆ ಗ್ಯಾಸ್ ಅಂದರೆ ಪೆಟ್ರೋಲ್. ನಮಗೆ ಗ್ಯಾಸ್ ಅಂದರೆ ಅಡುಗೆಮನೆಯ ಸಿಲಿಂಡರ್. ಇಲ್ಲಿ ನನಗೆ ಅನುಮಾನವಿಲ್ಲ, 'ಪೆಟ್ರೋಲ್ ಎಂಜಿನ್' ಅಂತಲೇ ಬರೆಯುತ್ತೇನೆ. ಕಿಡಿಯ ಬದಲು ಕೆಂಪಗೆ ಕಾದ ತಂತಿಯ ಪ್ಲಗ್‌ನಿಂದ ಓಡುವ ಗ್ಲೋ ಎಂಜಿನ್ ಬೇರೆ ಜಾತಿ. ಅದು ಕುಡಿಯುವುದು ಮೆಥನಾಲ್, ನೈಟ್ರೋಮೀಥೇನ್. ಅದರಲ್ಲಿ ಹರಳೆಣ್ಣೆಯನ್ನೂ ಬೆರೆಸುತ್ತಾರೆ. ಹರಳೆಣ್ಣೆ ಮೆಥನಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ, ಪೆಟ್ರೋಲಿನಲ್ಲಿ ಸರಿಯಾಗಿ ಕರಗುವುದಿಲ್ಲ.

ಕಷ್ಟ ಇರುವುದು 'ಆಯಿಲ್' ಹತ್ತಿರ. ನಮ್ಮ ಟೂ ಸ್ಟ್ರೋಕ್ ಎಂಜಿನ್‌ಗೆ ಈಗಿನ ಬೈಕಿನ ಹಾಗೆ ಬೇರೆ ಆಯಿಲ್ ತೊಟ್ಟಿ ಇಲ್ಲ. ಪೆಟ್ರೋಲಿನ ಜೊತೆಗೇ ಆಯಿಲ್ ಹೋಗಬೇಕು. ಬರೀ 'ಆಯಿಲ್' ಅಂತ ಬರೆದರೆ ಹುಡುಗರು ಬೈಕಿಗೆ ತಂದ ಎಂಜಿನ್ ಆಯಿಲ್ ಸುರಿಯುತ್ತಾರೆ. 'ಕೀಲೆಣ್ಣೆ' ಚೆಂದದ ಪದ. ಆದರೆ ಬಂಕಿನಲ್ಲಿ ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ಹಳೆಯ ಟೂ ಸ್ಟ್ರೋಕ್ ಗಾಡಿಗಳಾದ ಚೇತಕ್, ಆರ್‌ಎಕ್ಸ್ 100 ಓಡಿಸಿದವರಿಗೆ 'ಟೂ ಟಿ ಆಯಿಲ್' ಗೊತ್ತು. ಅದೇ ಇರಲಿ ಅನ್ನಿಸುತ್ತದೆ.

ಡಬ್ಬಿಯ ಮೇಲೆ 'ಮರೈನ್' ಅಂತ ಇದ್ದರೆ? ದೋಣಿಗೆ ದೋಣಿಯ ಆಯಿಲ್ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಆದರೆ ಟಿಸಿ-ಡಬ್ಲ್ಯೂ3 ಗುರುತಿನ ಆಯಿಲ್ ಮಾಡಿರುವುದು ದೊಡ್ಡ ದೋಣಿಗಳ ಹಿಂದೆ ಸಿಕ್ಕಿಸುವ, ನೀರಿನಿಂದ ತಣ್ಣಗಾಗುತ್ತಾ ಓಡುವ ಎಂಜಿನ್‌ಗಳಿಗೆ. ಮಾದರಿ ದೋಣಿಯ ಪುಟ್ಟ ಎಂಜಿನ್ ತುಂಬಾ ಜೋರಾಗಿ ತಿರುಗುತ್ತದೆ, ಅದರ ಬಿಸಿಯೇ ಬೇರೆ. ಜಪಾನಿನ ಜಾಸೋ ಗುಣಮಟ್ಟದ ಎಫ್‌ಡಿ ಗುರುತು ಇರುವುದನ್ನೇ ನಾನು ಹೇಳುವುದು. ಹಾಗಾದರೆ 'ಮರೈನ್ ಆಯಿಲ್' ಅನ್ನು ಕನ್ನಡದಲ್ಲಿ ಏನೆನ್ನಬೇಕು? 'ದೋಣಿ ಆಯಿಲ್' ಅಂದರೆ ತಪ್ಪು ದಾರಿಗೆ ಎಳೆದ ಹಾಗಾಗುತ್ತದೆ.

ಇನ್ನು ಬೆರೆಸಿದ ಪೆಟ್ರೋಲಿಗೆ ಹೆಸರು. 'ಬೆರಕೆ ಪೆಟ್ರೋಲ್' ಅಂತ ಬರೆದು ಹೊಡೆದು ಹಾಕಿದೆ. ಬೆರಕೆ ಅಂದ ಕೂಡಲೇ ಬಂಕಿನ ಮೋಸ ನೆನಪಾಗುತ್ತದೆ. 'ಮಿಶ್ರಣ' ಅಂದರೆ ಪರೀಕ್ಷೆಗೆ ಓದುವ ಪುಸ್ತಕದ ಪದದ ಹಾಗಿದೆ.

ಪ್ರಮಾಣದ್ದು ಇನ್ನೂ ಮುಖ್ಯ. ಕೈಪಿಡಿಯಲ್ಲಿ 25:1 ಅಂತ ಇರುತ್ತದೆ. 25 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್, ಅಂದರೆ ಲೀಟರಿಗೆ 40 ಎಂ.ಎಲ್. ಇದರ 25 ಅನ್ನೇ ಎಂ.ಎಲ್. ಅಂದುಕೊಂಡು ಲೀಟರಿಗೆ 25 ಎಂ.ಎಲ್. ಹಾಕಿದರೆ ಅದು 40:1 ಆಗುತ್ತದೆ. ಆಯಿಲ್ ಸಾಲದೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅನುಪಾತವನ್ನು ಪೂರ್ತಿ ಬಿಟ್ಟು ಎಂ.ಎಲ್. ಲೆಕ್ಕ ಮಾತ್ರ ಬರೆದರೆ ಸಾಕೇ?

ಕೊನೆಯದು. ಈಗಿನ ಪೆಟ್ರೋಲಿನಲ್ಲಿ 20% ತನಕ ಎಥೆನಾಲ್ ಇರುತ್ತದೆ. ಎಥೆನಾಲ್ ನೀರು ಹೀರುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಡಬ್ಬಿಯ ತಳಕ್ಕೆ ಇಳಿಯುತ್ತವೆ. ಆ ತಳದ ನೀರು ಎಂಜಿನ್‌ಗೆ ಹೋದರೆ ಅದರಲ್ಲಿ ಆಯಿಲ್ ಇರುವುದಿಲ್ಲ. ಹಾಲು ಒಡೆಯುವ ಹಾಗೆ ಇದಕ್ಕೂ 'ಪೆಟ್ರೋಲ್ ಒಡೆದಿದೆ' ಅನ್ನಬಹುದೇ? ನನಗಂತೂ ಇಷ್ಟವಾಗಿದೆ. ಬೆರೆಸಿದ್ದನ್ನು ತಿಂಗಳುಗಟ್ಟಲೆ ಇಡಬೇಡಿ ಅನ್ನುವುದಕ್ಕೆ ಆ ಒಂದು ಮಾತು ಸಾಕು.

ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರು ಯಾರಾದರೂ ಇದ್ದರೆ ಒಂದು ಕೋರಿಕೆ. ತೋಟಕ್ಕೆ ಔಷಧಿ ಹೊಡೆಯುವ ಪೆಟ್ರೋಲ್ ಮಿಷನ್‌ಗೂ ಹೀಗೇ ಆಯಿಲ್ ಬೆರೆಸುತ್ತೀರಿ. ಆ ಬೆರೆಸಿದ ಪೆಟ್ರೋಲನ್ನು ನಿಮ್ಮ ಮನೆಗಳಲ್ಲಿ ಏನಂತ ಕರೆಯುತ್ತೀರಿ? ತೆಲುಗು ಬೆರೆತ ಮಾತಾದರೂ ಸರಿ, ಇದ್ದ ಹಾಗೇ ಬರೆದು ತಿಳಿಸಿ.